ಕಸ್ತೂರಿಗೆ ಬಿದ್ದ ಬೈಗುಳ

ಪರದೆಯ ಮೇಲೆ ಕಿತ್ತಳೆ ಗೆರೆ ಮತ್ತೆ ಮೇಲೇರಿತು. ಹಸಿರು ಗೆರೆ ಇದ್ದಲ್ಲೇ ಇತ್ತು. ಧಾರವಾಡದ ದತ್ತು ಕೇಂದ್ರದ ಮನೋವಿಜ್ಞಾನಿ ಡಾ. ವಿರೂಪಾಕ್ಷ ಹಂಚಿನಾಳ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಗಾಜಿನಾಚೆಯ ಕೋಣೆಯಲ್ಲಿ ಶಿವಲೀಲಾ, ನನ್ನ ಪಲ್ಲವಿಗೂ ಹೀಗೇ ಹಾಕುತ್ತಿದ್ದೆ ಎನ್ನುತ್ತ, ಎಂಟು ವರ್ಷದ ಕಸ್ತೂರಿಗೆ ಎರಡು ಜಡೆ ಹೆಣೆಯುತ್ತಿದ್ದಳು. ಆ ಅಕ್ಕರೆ ಕಂಡರೆ ಎಂಥವರಿಗೂ ಕರುಳು ಚುರುಕ್ ಎನ್ನಬೇಕು. ಯಂತ್ರಕ್ಕೆ ಕರುಳಿಲ್ಲ, ಏನು ಮಾಡುವುದು.

ಯಂತ್ರದ ಹೆಸರು ನೋಟಮಾಪಕ. ನಾವು ಒಬ್ಬರನ್ನು ನೋಡುವಾಗ ಅವರನ್ನಷ್ಟೇ ನೋಡುವುದಿಲ್ಲ. ಹಿಂದೆ ಕಂಡ ಇನ್ಯಾರನ್ನೋ ನೆನಪಿನಿಂದ ಎಳೆದು ತಂದು ಅವರ ಮೇಲೆ ಹೊದಿಸುತ್ತೇವೆ. ಹೊಸ ಮೇಷ್ಟರು ಹಳೆಯ ಮೇಷ್ಟರಂತೆ ಮೀಸೆ ಬಿಟ್ಟಿದ್ದರೆ ಸಾಕು, ಬಾಯಿ ತೆರೆಯುವ ಮೊದಲೇ ಸಿಡುಕರಾಗಿಬಿಡುತ್ತಾರೆ. ಶಿವಲೀಲಾಳ ತಲೆಗೆ ಕಟ್ಟಿದ ತೆಳ್ಳನೆಯ ಪಟ್ಟಿಯೊಂದು ಮಿದುಳಿನ ಸಂಕೇತಗಳನ್ನು ಓದಿ ಇವೆರಡನ್ನೂ ಬೇರ್ಪಡಿಸುತ್ತಿತ್ತು. ಎದುರಿಗಿದ್ದವರಿಂದ ಬಂದದ್ದು ಹಸಿರು, ನೆನಪಿನಿಂದ ಬಂದದ್ದು ಕಿತ್ತಳೆ.

ಶಿವಲೀಲಾಳ ಮಗಳು ಪಲ್ಲವಿ ಜ್ವರದಲ್ಲಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕಸ್ತೂರಿಯನ್ನು ಮುದ್ದಿಸುವಾಗಲೆಲ್ಲ ಆಕೆ ಕಾಣುತ್ತಿದ್ದುದು ಪಲ್ಲವಿಯನ್ನೇ. ಯಾವ ಮಗುವೂ ಇನ್ನೊಂದು ಮಗುವಿನ ಜಾಗ ತುಂಬಲು ಹೋಗಬಾರದೆಂಬುದು ಕೇಂದ್ರದ ನಿಯಮ. ಇಂದೂ ಕಿತ್ತಳೆಯೇ ಮೇಲಾದರೆ ಆಕೆಯ ದತ್ತು ಅರ್ಜಿ ರದ್ದೆಂದು ಹಂಚಿನಾಳರು ಬೆಳಿಗ್ಗೆಯೇ ತಿಳಿಸಿದ್ದರು.

"ನಾ ಆಕಿನ್ನ ಪ್ರೀತಿಯಿಂದನ ನೋಡ್ತೀನ್ರಿ ಸರ. ಇನ್ನ ಹೆಂಗ ನೋಡ್ಬೇಕು?" ಎಂದು ಶಿವಲೀಲಾ ಆಗ ಕೇಳಿದ್ದಳು.

ಜಡೆ ಮುಗಿಸಿ ಶಿವಲೀಲಾ ಡಬ್ಬಿ ಬಿಚ್ಚಿದಳು. ಶೇಂಗಾ ಹೋಳಿಗೆ; ಪಲ್ಲವಿಗೆ ಅದೆಂದರೆ ಪ್ರಾಣ. ಕಸ್ತೂರಿ ಬೇಡವೆಂದಳು. ಹೋದ ಭೇಟಿಯಲ್ಲೂ ಬೇಡವೆಂದಿದ್ದಳು, ಪಾಪ, ಆದರೂ ನುಂಗಿದ್ದಳು. ಈ ಸಲ ತುತ್ತು ಬಾಯಿಯ ಹತ್ತಿರ ಬಂದಾಗ ಡಬ್ಬಿಯನ್ನೇ ದೂಡಿಬಿಟ್ಟಳು. ಹೋಳಿಗೆಯೆಲ್ಲ ನೆಲದ ಪಾಲಾಯಿತು.

"ಎಂಥಾ ಹಟಮಾರಿ ಅದಿ ನೀ. ತಿನ್ನೂದನ್ನ ಹಿಂಗ ಚೆಲ್ಲತಾರೇನು? ಎತ್ತು ಮೊದಲ," ಎಂದು ಶಿವಲೀಲಾ ಗದರಿದಳು.

ಹಸಿರು ಗೆರೆ ಒಮ್ಮೆಲೇ ಪರದೆಯ ತುದಿ ಮುಟ್ಟಿತು. ಕಿತ್ತಳೆ ಕುಸಿದುಬಿತ್ತು. ಹಂಚಿನಾಳರು ಯಂತ್ರ ಕೆಟ್ಟಿತೆಂದೇ ತಿಳಿದು ಎರಡು ಸಲ ಪರೀಕ್ಷಿಸಿದರು. ಕೆಟ್ಟಿರಲಿಲ್ಲ. ಪಲ್ಲವಿ ಎಂದೂ ಡಬ್ಬಿ ದೂಡಿದವಳಲ್ಲ. ಈ ಹಟ ಕಸ್ತೂರಿಯ ಸ್ವಂತದ್ದು.

ಆದರೆ ಭೇಟಿಯ ವೇಳೆ ಮಗುವನ್ನು ಗದರಿದವರ ಅರ್ಜಿಯನ್ನು ತಿರಸ್ಕರಿಸಬೇಕೆಂಬ ಇನ್ನೊಂದು ನಿಯಮವಿತ್ತು. ಅದನ್ನು ಬರೆದವರೂ ಹಂಚಿನಾಳರೇ. ಶಿವಲೀಲಾಗೂ ಅದು ಗೊತ್ತಿತ್ತು. ಕೈಯಾರೆ ಎಲ್ಲ ಕೆಡಿಸಿಕೊಂಡೆನೆಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು.

ಹಂಚಿನಾಳರು ಒಳಗೆ ಹೋಗಿ ಕಸ್ತೂರಿಯನ್ನು ಪಕ್ಕಕ್ಕೆ ಕರೆದರು. ಹೆದರಿಕೆಯಾಯಿತೇ, ಇವರ ಮನೆಗೆ ಹೋಗುವುದು ಬೇಡವೇ ಎಂದು ಮೆಲ್ಲನೆ ಕೇಳಿದರು.



"ಹೋಗ್ತೀನ್ರಿ," ಎಂದಳು ಹುಡುಗಿ. "ಇಷ್ಟು ದಿನಾ ಬರೇ ಆ ಪಲ್ಲವಿಗೆ ಮುದ್ದು ಮಾಡ್ತಿದ್ರು. ಇವತ್ತ ನನಗ ಬೈದ್ರು."

ಹಂಚಿನಾಳರು ಅರ್ಜಿಯನ್ನು ಒಪ್ಪಿದರು. ಗದರಿದ ಸಂಗತಿಯನ್ನು ಅವರು ಮುಚ್ಚಿಡಲಿಲ್ಲ. ಒಪ್ಪಿಗೆಗೆ ಕಾರಣವೆಂದು ಅದನ್ನೇ ಬರೆದರು.