ಕೈ ಎತ್ತಿದ ಭಾನುವಾರ

ಟೈಲರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಅವಳು ಮೊದಲ ಸಲ ಬಾಯಿ ಬಿಟ್ಟಿದ್ದೇ ತಡ, ಅವನು ಅಡ್ಡಗಾಲು ಹಾಕಿದ.

ಅದು ದೇವರ ಗೊಡವೆಗೆ ಹೋಗದ ಒಂದಷ್ಟು ಜನರ ಪುಟ್ಟ ಸಂಘ. ಪೂಜೆ ಬೇಡ ಎಂದವರಿಗೂ ಒಟ್ಟಿಗೆ ಕೂರಲು ಒಂದು ನೆಪ ಬೇಕಲ್ಲ. ಹಾಗಾಗಿ ಭಾನುವಾರ ಭಾನುವಾರ ಸೇರಿ ತಮ್ಮ ತಿಂಗಳನ್ನು ತಾವೇ ತುಂಬಿಕೊಳ್ಳುತ್ತಿದ್ದರು. ರಕ್ತದಾನದ ದಿನ, ನಕ್ಷತ್ರ ನೋಡುವ ದಿನ, ಓದಿದ ಪುಸ್ತಕ ಬದಲಾಯಿಸಿಕೊಳ್ಳುವ ದಿನ. ಯಾರಾದರೂ ಒಂದು ದಿನ ಸೂಚಿಸಬೇಕು. ಅಧ್ಯಕ್ಷರಾದ ಮೇಷ್ಟ್ರು ವಿರೋಧ ಇದೆಯಾ ಎಂದು ಕೇಳಬೇಕು. ಆಮೇಲೆ ಒಪ್ಪಿದವರೆಲ್ಲ ಕೈ ಎತ್ತಬೇಕು. ದೇವರನ್ನೇ ಒಪ್ಪದವರು ನಿಯಮವನ್ನು ಮಾತ್ರ ಒಂದು ಕೂದಲೆಳೆಯಷ್ಟೂ ಬಿಡುತ್ತಿರಲಿಲ್ಲ.

ಅವಳು ದಯೆಯ ದಿನ ಮಾಡೋಣ ಎಂದಿದ್ದಳು.

"ಒಂದು ದಿನ ದಯೆ ಅಂದ್ರೆ, ಮಿಕ್ಕ ದಿನ ರಜಾನಾ?" ಎಂದ ಅವನು.

ಎಲ್ಲರೂ ನಕ್ಕರು. ಅವಳ ಕಿವಿ ಕೆಂಪಾಯಿತು. ತಿರುಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಆಮೇಲೆ ಕಣ್ಣಂಚಿನಲ್ಲಿ ಒಂಚೂರು ನಕ್ಕಳು. ಅಷ್ಟಕ್ಕೇ ಅವನ ಕಥೆ ಮುಗಿಯಿತು.

ಅವನು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವನು. ತಪ್ಪು ಹುಡುಕುವುದೇ ಅವನ ಅನ್ನ. ಸಂಘದಲ್ಲಿ ಅವನಿಗೆ ತಕರಾರಪ್ಪ ಎಂದೇ ಹೆಸರು. ಅವಳು ಫಿಸಿಯೋಥೆರಪಿ ಮಾಡುವವಳು, ಹಾಗಾಗಿ ಎಲ್ಲರಿಗೂ ಡಾಕ್ಟ್ರಮ್ಮ. ಅವಳು ಯಾವ ದಿನ ಸೂಚಿಸಿದರೂ ಅವನದೊಂದು ವಿರೋಧ ಇದ್ದೇ ಇರುತ್ತಿತ್ತು. ಸಭೆ ಮುಗಿದರೂ ವಾದ ಮುಗಿಯುತ್ತಿರಲಿಲ್ಲ. ಅದು ಮೆಟ್ಟಿಲು ಇಳಿದು, ಬೀದಿ ದಾಟಿ, ಬಸ್ ಸ್ಟಾಪಿನವರೆಗೆ ಇಬ್ಬರ ನಡುವೆ ನಡೆದುಕೊಂಡು ಹೋಗುತ್ತಿತ್ತು. ಬಂದ ಬಸ್ಸನ್ನು ಅವಳು ಬೇಕೆಂದೇ ಬಿಡುತ್ತಿದ್ದಳು. ಅವನಿಗೆ ಅದು ಗೊತ್ತಾಗುತ್ತಿತ್ತು. ಗೊತ್ತಾಗಿದೆ ಎನ್ನುವುದು ಅವಳಿಗೂ ಗೊತ್ತಿತ್ತು.

ಅವನ ಮನೆಯಲ್ಲಿ ಅಣ್ಣ ಒಬ್ಬನೇ. ಚಿಕ್ಕಂದಿನ ಜ್ವರದಲ್ಲಿ ಅಣ್ಣನ ಬಲಗೈ ಸೋತಿತ್ತು, ಮನಸ್ಸು ಮಗುವಿನದಾಗಿಯೇ ಉಳಿದಿತ್ತು. ಬೀದಿಯ ತಿರುವು ದಾಟಿಸಿದರೆ ಸಾಕು, ಮೈಯೆಲ್ಲ ನಡುಗಿ ಊಟ ಬಿಡುತ್ತಿದ್ದ. ಅವಳು ವಾರಕ್ಕೊಮ್ಮೆ ಬಂದು ಅವನ ಕೈಗೆ ವ್ಯಾಯಾಮ ಮಾಡಿಸುತ್ತಿದ್ದಳು. ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸುವಾಗ ಬಾಗಿಲಲ್ಲಿ ನಿಂತ ತಮ್ಮನತ್ತ ನೋಡಿ, ನಿಮ್ಮಣ್ಣ ನಿಮ್ಮ ಹಾಗಲ್ಲ, ಹೇಳಿದ್ದು ಕೇಳ್ತಾರೆ ಎಂದು ಕೆಣಕುತ್ತಿದ್ದಳು. ಅಣ್ಣನಿಗೆ ಅದನ್ನು ಕೇಳಿ ಎಲ್ಲಿಲ್ಲದ ಹೆಮ್ಮೆ.

ಹೀಗಿರುವಾಗ ಒಂದು ತಿಂಗಳ ಮೊದಲ ಭಾನುವಾರ ಅವಳು ನೆನಪಿನ ದಿನವೊಂದು ಬೇಕು ಎಂದಳು. ಅವಳ ಅಪ್ಪ ತೀರಿಕೊಂಡಾಗ, ಅವರೇ ಬಯಸಿದಂತೆ, ಯಾವ ಶಾಸ್ತ್ರವೂ ನಡೆದಿರಲಿಲ್ಲ. ನೆಂಟರು ಮುಖ ತಿರುಗಿಸಿಕೊಂಡು ಹೋಗಿದ್ದರು. ಅಳುವುದಕ್ಕೆಂದು ಅವಳಿಗೆ ಒಂದು ದಿನವೂ ಸಿಕ್ಕಿರಲಿಲ್ಲ.

"ಸತ್ತವರಿಗೆ ಗೊತ್ತಾಗುತ್ತಾ?" ಎಂದುಬಿಟ್ಟ ಅವನು. ನಾಲಿಗೆಗೆ ಅಭ್ಯಾಸ.

"ಅವರಿಗಲ್ಲ. ನಂಗೆ ಬೇಕು."

ಉಳಿದವರು ಕೈ ಎತ್ತಿದರು, ಮುಂದಿನ ಭಾನುವಾರವೇ ನೆನಪಿನ ದಿನ ಎಂದಾಯಿತು. ಆದರೆ ಅಂದು ಅವಳು ಬಂದ ಮೊದಲ ಬಸ್ಸನ್ನೇ ಹತ್ತಿದಳು.

ನೆನಪಿನ ದಿನದಂದು ಅವನು ಹಿಂದಿನ ಸಾಲಿನಲ್ಲಿ ಕೂತ. ತನ್ನ ಅಪ್ಪ ಸ್ವಂತ ಮನೆಗೇ ಬರುವಾಗಲೂ ಬಾಗಿಲು ತಟ್ಟಿ, ಬರಲಾ ಎಂದು ಕೇಳುತ್ತಿದ್ದುದನ್ನು ಹೇಳುತ್ತ ಅವಳು ಅತ್ತಳು. ಅವನಿಗೆ ತನ್ನ ಬಾಯಿಗೆ ತಾನೇ ಬಡಿದುಕೊಳ್ಳುವಂತಾಯಿತು. ಇನ್ನು ಈ ಹೆಣ್ಣಿನ ಮಾತಿಗೆ ಯಾವತ್ತೂ ಅಡ್ಡ ಬರುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿದ. ಪ್ರೀತಿ ಎಂದರೆ ಅಷ್ಟೇ ಇರಬೇಕು ಎಂದುಕೊಂಡ ಪಾಪ.

ಅದರ ಮುಂದಿನ ಭಾನುವಾರ ಅವಳು ತಡವಾಗಿ ಬಂದಳು. ನಿದ್ದೆಗೆಟ್ಟ ಕಣ್ಣು. ದೂರದ ಊರಿನಲ್ಲಿರುವ ಅಕ್ಕನ ಗಂಡನಿಗೆ ಪಾರ್ಶ್ವವಾಯು ಹೊಡೆದಿದೆಯಂತೆ, ಇಲ್ಲಿನದೆಲ್ಲ ಬಿಟ್ಟು ಬಂದು ಜೊತೆಗಿರು ಎಂದು ಅಕ್ಕ ಕರೆಯುತ್ತಿದ್ದಾಳಂತೆ. ಇಷ್ಟು ಹೇಳಿ, ತಿಂಗಳ ಕೊನೆಯ ಭಾನುವಾರ ನನ್ನ ಬೀಳ್ಕೊಡುಗೆ ದಿನ ಇಟ್ಟುಕೊಳ್ಳೋಣವೇ ಎಂದಳು. ಸೂಚನೆ ಸಭೆಗೆ, ಕಣ್ಣು ಅವನ ಮೇಲೆ. ಅಷ್ಟು ಹೊತ್ತು, ಅಷ್ಟು ನೇರವಾಗಿ ಅವಳು ಅವನನ್ನು ಎಂದೂ ನೋಡಿರಲಿಲ್ಲ.

ಮೇಷ್ಟ್ರು ವಿರೋಧ ಇದೆಯಾ ಎಂದರು. ಸಭೆಯೆಲ್ಲ ತಕರಾರಪ್ಪನ ಕಡೆ ತಿರುಗಿತು. ಕೆಳಗೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು.

ಅವನು ಇಲ್ಲವೆಂದು ತಲೆಯಾಡಿಸಿ, ಒಪ್ಪಿಗೆಗೆ ಎಲ್ಲರಿಗಿಂತ ಮೊದಲು ಕೈ ಎತ್ತಿದ.

ಯಾರೂ ತಮ್ಮ ಬೀಳ್ಕೊಡುಗೆಯನ್ನು ತಾವೇ ನಡೆಸುವಂತಿಲ್ಲ. ಮೊದಲು ಕೈ ಎತ್ತಿದವರೇ ನಡೆಸಬೇಕು ಎಂದು ಮೇಷ್ಟ್ರು ತೀರ್ಮಾನ ಕೊಟ್ಟರು. ಹಾಗಾಗಿ ಆ ಕೊನೆಯ ಭಾನುವಾರ ಕುರ್ಚಿ ಜೋಡಿಸುವುದೂ ಅವನ ಪಾಲಿಗೇ ಬಂತು. ಜನ ಸೇರುವ ಮೊದಲೇ ಅವಳು ಬಂದು ಒಂದು ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಅವತ್ತು ಯಾಕೆ ಏನೂ ಅನ್ಲಿಲ್ಲ?"

"ನಿಮಗೆ ಇನ್ನೊಂದು ಸಲ ನೋವು ಮಾಡಬಾರ್ದು ಅಂತ."

"ಅಕ್ಕಂಗೆ ನಾನಿನ್ನೂ ಏನೂ ಹೇಳಿರ್ಲಿಲ್ಲ. ನೀವು ಬೇಡ ಅಂತ ಒಂದು ಮಾತು ಅಂದಿದ್ರೆ ಬೇರೆ ದಾರಿ ಹುಡುಕ್ತಿದ್ದೆ. ನೀವು ಕೈ ಎತ್ತಿದ್ರಿ. ಮನೆಗೆ ಹೋಗಿ, ಬರ್ತೀನಿ ಅಂತ ಫೋನ್ ಮಾಡ್ದೆ."

ಕೈಯಲ್ಲಿದ್ದ ಕುರ್ಚಿಯನ್ನು ಅವನು ಕೆಳಗಿಟ್ಟ. ಈಗಲಾದರೂ ಬೇಡ ಎನ್ನಬಹುದೇ ಎಂದು ತಡವರಿಸುತ್ತ ಕೇಳಿದ. ಅಕ್ಕ ಫೋನಿನಲ್ಲೇ ಬಿಕ್ಕಿ ಬಿಕ್ಕಿ ಅತ್ತದ್ದನ್ನು, ನನ್ನ ತಂಗಿ ಬರ್ತಾಳೆ ಎಂದು ಮಾತು ಬಾರದ ಗಂಡನಿಗೆ ಹೇಳಿದ್ದನ್ನು ಅವಳು ತಿಳಿಸಿದಳು. ಆ ಮನೆಗೆ ಈಗ ಏನೆಂದು ಹೇಳುವುದು?

"ನಾನೇ ಅಲ್ಲಿಗೆ..." ಎಂದು ಶುರುಮಾಡಿ ಅವನು ನಿಲ್ಲಿಸಿದ.

"ಅಣ್ಣನ್ನ ಬಿಟ್ಟು ಬಂದ್ರೆ ನಾನೇ ಬಾಗಿಲು ತೆಗೆಯಲ್ಲ," ಎಂದಳು ಅವಳು, ನಗಲು ಹೋಗಿ ಸೋತು.

ಜನ ಸೇರಿದರು. ಹಾರವಿಲ್ಲ, ಶಾಲಿಲ್ಲ, ಒಬ್ಬೊಬ್ಬರೂ ಒಂದು ನಿಜ ಹೇಳಬೇಕು, ಅಷ್ಟೇ ಕಾರ್ಯಕ್ರಮ. ಕೆಳಗಿನ ಅಂಗಡಿಯ ಟೈಲರಣ್ಣ ಡಾಕ್ಟ್ರಮ್ಮನ ಕೈಯಲ್ಲಿ ತನ್ನ ಸೊಂಟ ನೆಟ್ಟಗಾದ ಕಥೆ ಹೇಳಿ ನಗಿಸಿದ. ಕೊನೆಗೆ ಅವನ ಸರದಿ ಬಂತು.

"ನಂಗೆ ಇವರಂದ್ರೆ ಪ್ರೀತಿ," ಎಂದ. "ಹೇಳಬೇಕಾದಾಗ ಹೇಳ್ಲಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತ ಕೂತರು. ಅವಳು ಎದ್ದು ಬಂದು, ಎಲ್ಲರೆದುರು, ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. "ನಂಗೂ," ಎಂದಳು. ಹಿಡಿದ ಕೈ ಬಿಡಲು ಅವಳಿಗೆ ತುಂಬ ಹೊತ್ತು ಹಿಡಿಯಿತು.

ಸಂಜೆ ಬಸ್ಸು ಹೊರಟಾಗ ಅವನು ಅಳಲಿಲ್ಲ. ಕಿಟಕಿಯಲ್ಲಿ ಅವಳ ಮುಖ ಚಿಕ್ಕದಾಗುತ್ತ ಮರೆಯಾಗುವವರೆಗೂ ನಿಂತಿದ್ದು, ಅಣ್ಣನ ಊಟದ ಹೊತ್ತಾಯಿತೆಂದು ಬಿರಬಿರನೆ ಮನೆಗೆ ನಡೆದ.

ಅಣ್ಣ ಬಾಗಿಲಲ್ಲೇ ಕೂತಿದ್ದ. ಡಾಕ್ಟ್ರಮ್ಮ ಯಾವಾಗ ಬರ್ತಾರೆ ಎಂದು ಕೇಳಿದ. ಅವರು ದೂರ ಹೋದರು, ಇನ್ನು ಬರುವುದಿಲ್ಲ ಎಂದು ಇವನು ಹೇಳಿದ. ಅಣ್ಣ ತನ್ನ ಸೋತ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡ.

"ನೀನು ಬೇಡ ಅನ್ನಲಿಲ್ವಾ?"

ಇವನು ಅಣ್ಣನ ಪಕ್ಕ ಹೊಸ್ತಿಲ ಮೇಲೆ ಕುಸಿದು ಕೂತು, ಮಗುವಿನ ಹಾಗೆ ಅತ್ತ.