ಬುರುಜು ಸರಿಸಬಾರದು ಎಂದವಳು

ಹೆಣ್ಣು ನೋಡಲು ಬರುವವರಿಗೆ ಸೂಸಲಾ, ಮಿರ್ಚಿ ಭಜಿ, ಪೇಡೆ, ಚಹಾ. ಅದರ ಮೇಲೆ ಆ ದಿನ ಅಂಗಡಿ ಮುಚ್ಚಿದ ನಷ್ಟ. ಎಲ್ಲ ಸೇರಿ ಎರಡು ಸಾವಿರ ರೂಪಾಯಿಗೆ ಕಡಿಮೆಯಿಲ್ಲ.

'ಬುರುಜು' ಆಟದ ಎರಡನೇ ಭಾಗಕ್ಕೆ ಕೊಟ್ಟದ್ದು ನೂರಾ ತೊಂಬತ್ತು. ಅದೇ ದಂಡ ಎಂದು ಜಯಮಾಲಾ ಎರಡು ತಿಂಗಳಿಂದ ಬೈಯುತ್ತಿದ್ದಳು. ಹಾಗಾದರೆ ಇದಕ್ಕೆ ಏನನ್ನಬೇಕು?

ಚಹಾದ ತಟ್ಟೆ ಹಿಡಿದು ಪಡಸಾಲೆಗೆ ಬರುವಾಗ ಅವಳ ತಲೆಯಲ್ಲಿ ಇದೇ ಲೆಕ್ಕ.

ಜೇವರ್ಗಿಯಿಂದ ಬಂದ ಹುಡುಗ ಮುಖ ಗಂಟಿಕ್ಕಿ ಕೂತಿದ್ದ. ಹೆಸರು ಸಿದ್ದರಾಮೇಶ. ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಅವನದು. ಬೆರಳ ಸಂದಿಯಲ್ಲಿ ವಾರ್ನಿಷ್ ಕಲೆ ಇನ್ನೂ ಇತ್ತು.

"ಹೆಸರೇನವಾ?" ಅವನ ಸೋದರಮಾವ ಬಸವಂತರಾಯ ಕೇಳಿದರು.

"ಜಯಮಾಲಾ ರೀ."

"ಏನ್ ಮಾಡ್ತೀ?"

"ಇಲ್ಲೇ ಅಫಜಲಪುರದಾಗ ಮ್ಯಾಚಿಂಗ್ ಸೆಂಟರ್ ಅದರಿ. ಬ್ಲೌಸ್ ಪೀಸು, ಫಾಲ್, ಅಸ್ತರು ಮಾರ್ತೇನಿ."

ಹುಡುಗ ತಟ್ಟನೆ ತಲೆ ಎತ್ತಿದ. ಕೈಯಲ್ಲಿದ್ದ ಕಪ್ಪಿನ ಚಹಾ ಬಸಿಗೆ ತುಳುಕಿತು.

"ಬುರುಜು ಸರಿಸಬಾರ್ದು ಅಂತೀರಲ್ಲ... ಅವರು ನೀವೇ ಏನ್ರಿ?"

ಎಲ್ಲರೂ ಅವನ ಕಡೆ ತಿರುಗಿದರು!

"ಯಾವ ಬುರುಜೋ ಸಿದ್ದು? ಊರ ಮುಂದಿಂದೇನು?" ಬಸವಂತರಾಯರಿಗೆ ತಲೆಬುಡ ತಿಳಿಯಲಿಲ್ಲ.

ಜಯಮಾಲಾಳಿಗೆ ಮಾತ್ರ ತಿಳಿಯಿತು.

ಬುರುಜು ಮೊಬೈಲಿನ ಆಟ. ವೈರಿಗಳ ದಂಡು ಅಲೆ ಅಲೆಯಾಗಿ ಬರುತ್ತದೆ. ದಾರಿಯುದ್ದಕ್ಕೂ ಬುರುಜು ಕಟ್ಟಿ ಊರಬಾಗಿಲು ಕಾಯಬೇಕು. ಮೊದಲ ಭಾಗದಲ್ಲಿ ಕಟ್ಟಿದ ಬುರುಜು ಕಟ್ಟಿದಲ್ಲೇ. ಎರಡನೇ ಭಾಗದಲ್ಲಿ ಬುರುಜಿಗೆ ಗಾಲಿ ಬಂದಿದ್ದವು. ಲಡಾಯಿ ನಡೆದಾಗಲೇ ಬೇಕಾದಲ್ಲಿಗೆ ಸರಿಸಬಹುದು.

ಅದಕ್ಕೇ ಆಡುವವರ ಗುಂಪಿನಲ್ಲಿ ಜಗಳ ಹತ್ತಿತ್ತು. "ಚಿತ್ರ ಚಂದ ಅವ, ಆದ್ರ ಫೋನು ಕಾದ ಹಂಚು ಆಗ್ತದ" ಅಂತ ಒಬ್ಬರು. "ರೊಕ್ಕದ ಆಸೆಗೆ ಎರಡನೇದು ಮಾಡ್ಯಾರ" ಅಂತ ಇನ್ನೊಬ್ಬರು.

ಜಯಮಾಲಾ ಬಟ್ಟೆ ಅಳೆಯುತ್ತಲೇ ಧ್ವನಿ ಸಂದೇಶ ಕಳಿಸುತ್ತಿದ್ದಳು. "ನಿಂತಲ್ಲಿ ನಿಲ್ಲದ ಬುರುಜನ್ನ ನಂಬಿ ಯಾರರ ನಿದ್ದಿ ಮಾಡ್ತಾರೇನ್ರಿ? ಇವತ್ತು ನಮ್ಮ ಬಾಗಲಾಗ, ನಾಳೆ ಯಾರ ಬಾಗಲಾಗೋ!" ಗುಂಪಿನಲ್ಲಿ ಅವಳ ಹೆಸರು ಕೋಟೆಬಾಯಿ. ನಿಜ ಹೆಸರು, ಊರು ಯಾರಿಗೂ ಹೇಳಿರಲಿಲ್ಲ.

ಅವಳಿಗೆ ಎದುರಾಡುತ್ತಿದ್ದವ ಒಬ್ಬನೇ. ಅವನು ಎಂದೂ ಮಾತಾಡಿ ಕಳಿಸುತ್ತಿರಲಿಲ್ಲ, ಬರೆಯುತ್ತಿದ್ದ. "ವೈರಿ ದಾರಿ ಬದಲಿಸ್ಯಾನಲ್ರಿ ಬಾಯಾರ. ಬುರುಜು ಅಲ್ಲೇ ನಿಂತ್ರ ಏನು ಕಾಯ್ತದ? ತನ್ನ ಹಟಾ ಕಾಯ್ತದ."

ಅವನಿಗೆ 'ಗಾಲಿ ಸಾಹುಕಾರ' ಅಂತ ಹೆಸರಿಟ್ಟವಳು ಅವಳೇ. ಗಾಲಿ ಬುರುಜನ್ನು ಇಷ್ಟು ಹೊಗಳಬೇಕಾದರೆ ಕಂಪನಿಯವರ ಪಗಾರ ತಿನ್ನುತ್ತಿರಬೇಕು ಎಂಬುದು ಅವಳ ಗುಮಾನಿ. ಆದರೂ... ಅವನ ಉತ್ತರ ಬರದ ದಿನ ಅವಳ ಕೈಯ ಕತ್ತರಿ ಓರೆಯಾಗಿ ಓಡುತ್ತಿತ್ತು.

'ಸರಿಸಬಾರ್ದು ಅಂತೀರಲ್ಲ' ಎಂದು ಅವಳ ಮಾತು ಹಿಡಿಯುವವ ಇನ್ಯಾರು? ಆ ಗಾಲಿ ಸಾಹುಕಾರ ಈಗ ಅವಳ ಮನೆಯ ಪಡಸಾಲೆಯಲ್ಲಿ ಕೂತಿದ್ದ!

ತಾನಾಗೇ ಬಂದನೇ? ಯಾರಾದರೂ ಕಳಿಸಿದರೇ?

ಎರಡು ವರ್ಷದ ಹಿಂದೆ ಆಳಂದದ ಸಂಬಂಧವೊಂದು ಗಟ್ಟಿಯಾಗಿತ್ತು. ಆಗ ಒಬ್ಬ ಹೆಂಗಸು ಅಂಗಡಿಗೆ ಬಂದು, ಬ್ಲೌಸ್ ಪೀಸು ನೋಡುತ್ತ, ಮಾತಿಗೆ ಮಾತು ತೆಗೆದಳು. ಜಯಮಾಲಾ ನಕ್ಕು ಮಾತಾಡಿ ತನ್ನ ಆಟವನ್ನೂ ತೋರಿಸಿದಳು. ಆಕೆ ಹುಡುಗನ ಮನೆಯವರು ವಿಚಾರಣೆಗೆ ಕಳಿಸಿದವಳು! ಸಂಬಂಧಕ್ಕೆ ಮೊದಲು ಹುಡುಗಿಯ ಬಗ್ಗೆ ಗುಟ್ಟಾಗಿ ವಿಚಾರಿಸುವುದು ಈ ಕಡೆ ಎಲ್ಲರೂ ಮಾಡುವುದೇ. "ಹುಡುಗಿ ಫೋನಿನ್ಯಾಗ ಗಂಡಸರ ಜೋಡಿ ಆಡ್ತಾಳ" ಅಂತ ಸುದ್ದಿ ಹೋಯಿತು. ಸಂಬಂಧ ಮುರಿಯಿತು. ಅವ್ವ ಶಿವಕಾಂತಾ ಎಷ್ಟೋ ದಿನ ಯಾರ ಮನೆಯ ಮದುವೆಗೂ ಹೋಗಲಿಲ್ಲ.

ಮತ್ತೆ ಅದೇ ಆಟವೇ?

ಹಿರಿಯರು ಇಬ್ಬರನ್ನೂ ಮಾಳಿಗೆಗೆ ಕಳಿಸಿದರು. ಹುಡುಗ ಹುಡುಗಿ ಎರಡು ಮಾತಾಡಲಿ ಅಂತ.

"ನಿಮ್ಮನ್ನ ಯಾರು ಆ ಗುಂಪಿಗೆ ಹಾಕಿದ್ದು?" ಮೆಟ್ಟಿಲು ಹತ್ತಿದವಳೇ ಜಯಮಾಲಾ ಕೇಳಿದಳು.

"ಯಾರೂ ಇಲ್ರಿ. ಆಟ ಆಡ್ತೇನಿ, ಅದಕ್ಕ ಇದ್ದೇನಿ."

"ಹೋದ ತಿಂಗಳು 'ನಿಮ್ಮೂರು ಯಾವುದ್ರಿ' ಅಂತ ಕೇಳಿದ್ರಿ. ನಾ ಹೇಳಲಿಲ್ಲ. ಈ ತಿಂಗಳು ಮನೀಗೇ ಬಂದೀರಿ! ನನ್ನ ಏನ್ ಹುಚ್ಚಿ ಅಂತ ತಿಳಿದೀರಾ?"

"ಕೆಳಗ ನಿಮ್ಮ ಧ್ವನಿ ಕೇಳಿದ ಮ್ಯಾಲೇ ಗೊತ್ತಾತ್ರಿ. ಖರೇನ..."

ಹೇಳುತ್ತ ಹೇಳುತ್ತ ಅವನಿಗೆ ನಗು ತಡೆಯಲಾಗಲಿಲ್ಲ.

"ನಗಾಕತ್ತೀರಾ?"

"ಖುಷಿ ಆತ್ರಿ..."

"ಸಿಕ್ಕಿಬಿದ್ದ ಕಳ್ಳಗೂ ನಗಿ ಬರ್ತದ."

ಅವನ ಮುಖದ ನಗು ಆರಿತು.

"ಈಗ ನಾ ಏನು ಹೇಳಿದ್ರೂ ನೀವು ನಂಬಲ್ಲ. ನಿಮಗ ತಿಳಿದಂಗ ಮಾಡ್ರಿ."

ಅಷ್ಟೇ ಹೇಳಿ ಕೆಳಗಿಳಿದು ಹೋದ.

ಬೀಗರಾಗುವವರು ಶುಕ್ರವಾರದೊಳಗೆ ಉತ್ತರ ಕೇಳಿದ್ದರು.

"ಹುಡುಗ ನಿನಗ ಮನಸಿಗಿ ಬಂದಾನ. ನಿನ್ನ ಮಾರಿ ಹೇಳ್ತದ," ಅಂದಳು ಅವ್ವ.

"ಮಾರಿ ಸುಳ್ಳೂ ಹೇಳ್ತದ ಬೇ ಅವ್ವಾ."

"ಆಳಂದದವರು ಒಮ್ಮೆ ಸುಟ್ರು ಅಂತ ಒಲಿ ಹಚ್ಚೋದೇ ಬಿಡ್ತೀಯೇನು?"

ಜಯಮಾಲಾ ಫೋನು ಕೈಗೆತ್ತಿಕೊಂಡಳು. ಗುಂಪು ತೆರೆದು ನೋಡಿದಳು. ಗಾಲಿ ಸಾಹುಕಾರನಿಂದ ಒಂದಕ್ಷರ ಇಲ್ಲ. ಮರುದಿನವೂ ಇಲ್ಲ.

'ನೋಡು... ಬಂದ ಕೆಲಸ ಮುಗೀತು, ಹೋದ!'

ಹಾಗೆ ಅಂದುಕೊಂಡಳು ನಿಜ. ಆದರೆ ಕಣ್ಣಲ್ಲಿ ನೀರು ಯಾಕೆ ಬಂತು? ಮೋಸಗಾರ ಹೋದರೆ ಯಾರಾದರೂ ಅಳುತ್ತಾರೆಯೇ?

ಅವಳು ವ್ಯಾಪಾರ ಮಾಡುವ ಹೆಣ್ಣು. ಬಟ್ಟೆಯ ಬಣ್ಣ ಹೋಗುತ್ತದೋ ಇಲ್ಲವೋ ಎಂದು ನೀರಿಗೆ ಹಾಕಿಯೇ ನೋಡಬೇಕು ಎಂದು ಬಲ್ಲವಳು. 'ವಿಚಾರಣೆ ಹುಡುಗನ ಕಡೆಯವರಷ್ಟೇ ಮಾಡಬೇಕಂತ ಎಲ್ಲಿ ಬರದದ?' ಅಂದುಕೊಂಡಳು.

ಗುರುವಾರ ಅವ್ವನಿಗೂ ಹೇಳದೆ ಅಂಗಡಿ ಮುಚ್ಚಿ ಜೇವರ್ಗಿ ಬಸ್ಸು ಹತ್ತಿದಳು.

ಅವನ ಅಂಗಡಿಯ ಎದುರಿಗೆ ನಜಮುನ್ನಿಸಾ ಎಂಬ ನಡುವಯಸ್ಸಿನ ಹೆಂಗಸಿನ ಬಳೆ ಅಂಗಡಿ. ಜಯಮಾಲಾ ಓಢಣಿಯಿಂದ ಮುಖ ಮುಚ್ಚಿಕೊಂಡು ಅಲ್ಲಿ ಕೂತಳು. ಕೈ ಚಾಚಿದಳು. ಆಳಂದದ ಹೆಂಗಸು ತನ್ನ ಅಂಗಡಿಯಲ್ಲಿ ಕೂತದ್ದೂ ಹೀಗೇ... ಒಂದು ಗಳಿಗೆ ನಾಚಿಕೆಯಾಯಿತು. ಆದರೆ ಬಂದದ್ದಾಗಿತ್ತು.

"ಎದುರಿನ ಮೋಟಾರ್ ಅಂಗಡಿ ಹುಡುಗ ಹ್ಯಾಂಗ್ರಿ ಚಾಚಿ? ನಮ್ಮ ತಂಗಿಗೆ ನೋಡಾಕತ್ತೇವಿ." ಜಯಮಾಲಾ ದನಿ ಬದಲಿಸಿ ಪಿಸುಗುಟ್ಟಿದಳು.

ನಜಮುನ್ನಿಸಾ ಅವಳ ಬೆರಳುಗಳನ್ನು ಒತ್ತಿ ಹಿಡಿದು ಬಳೆ ಏರಿಸುತ್ತ ತಲೆ ಅಲ್ಲಾಡಿಸಿದಳು.

"ನಿಮ್ಮ ತಂಗಿಗೆ ಬ್ಯಾರೆ ಹುಡುಗನ್ನ ನೋಡವಾ. ಇವನ ಆಸೆ ಬಿಡು."

"ಯಾಕ್ರಿ? ಕುಡೀತಾನೇನು?"

"ತೋಬಾ! ಚಹಾ ಬಿಟ್ರ ಏನೂ ಮುಟ್ಟಲ್ಲ. ದಿಲ್ ಕೊಟ್ಟು ಕೂತಾನ. ಅದೂ ಎಂಥಾಕಿಗೆ? ಮಾರಿ ನೋಡಿರಲಿಲ್ಲ, ಊರು ಗೊತ್ತಿರಲಿಲ್ಲ! ಫೋನಿನ್ಯಾಗ ಅಕಿ ಬೈಯೋದು ಕೇಳ್ಕೋತ ತಂತಿ ಸುತ್ತತಾನ. ಒಂದೇ ಬೈಗುಳ ಎರಡೆರಡು ಸಲ ಹಚ್ಚತಾನವಾ! ಕೇಳಿ ಕೇಳಿ ನನಗೂ ಬಾಯಿಪಾಠ ಆಗ್ಯಾವ."

ಜಯಮಾಲಾ ಕೈ ಹಿಂದಕ್ಕೆಳೆದಳು.

"ಹಿಡಕೋ ಬೇಟಿ, ಬಳಿ ಒಡೀತಾವ... ಹೋದ ವಾರ ಅವರ ಮಾಮಾ ಅಫಜಲಪುರಕ್ಕ ಹುಡುಗಿ ನೋಡಾಕ ಕರದ್ರ, ಒಲ್ಲೆ ಅಂತ ಶಟರ್ ಎಳಕೊಂಡು ಒಳಗ ಕೂತ. ಅವರವ್ವ ಬಂದು ಅತ್ತು ಕರದು ಎಳಕೊಂಡು ಹೋದಳು. ಗಲ್ಲಿಗೇರಿಸಾಕ ಒಯ್ದಂಗ ಹೋದ!"

"ಬಂದ ಮ್ಯಾಲೆ...?"

"ಬಂದ ಮ್ಯಾಲೆ ಊಟ ಬಿಟ್ಟಾನ. 'ಹುಡುಗಿ ಚೊಲೋ ಇಲ್ಲೇನೋ ಬೇಟಾ' ಅಂದ್ರ, 'ಅಕಿನೇ ಇದ್ದಳು ಚಾಚಿ. ಆದ್ರ ನನ್ನ ಮ್ಯಾಲ ಶಕ್ ಮಾಡ್ತಾಳ' ಅಂದ. ಎಂಥಾ ಹುಡುಗೀನೋ, ನಸೀಬ ಬಾಗಲಿಗೆ ಬಂದ್ರ ಹೊರಗ ಹಾಕ್ಯಾಳ!"

ಇದೂ ಹೇಳಿಕೊಟ್ಟ ಮಾತಿರಬಹುದೇ? ಜಯಮಾಲಾಳ ಮನಸ್ಸು ಕೊನೆಯ ಸಲ ಕೊಸರಿತು. ಆದರೆ ತಾನು ಬರುವುದು ಯಾರಿಗೂ ಗೊತ್ತಿರಲಿಲ್ಲ. ಮೇಲಾಗಿ, ಕನ್ಯೆ ಕಡೆಯವರನ್ನು 'ಆಸೆ ಬಿಡು' ಎಂದು ಓಡಿಸಲು ಯಾರು ತಾನೇ ಹೇಳಿಕೊಡುತ್ತಾರೆ?

"ಯಾಕ ಅಳಾಕತ್ತೀ ಬೇಟಿ? ಕೈ ನೋವಾತೇನು?"

"ಇಲ್ರಿ ಚಾಚಿ... ಕೈ ಏನೂ ಆಗಿಲ್ಲ."

ಅದೇ ಹೊತ್ತಿಗೆ ಚಹಾದ ಕಪ್ಪು ವಾಪಸು ಕೊಡಲು ಬಂದ ಸಿದ್ದರಾಮೇಶ ಬಾಗಿಲಲ್ಲೇ ನಿಂತುಬಿಟ್ಟ. ಮುಖ ಮುಚ್ಚಿದ್ದರೇನು? ಆ ಧ್ವನಿ ಅವನಿಗೆ ಸಾಕಿತ್ತು.

"ಕೋಟೆಬಾಯಾರ... ವಿಚಾರಣೆಗೆ ಬಂದೀರೇನ್ರಿ?"

ಓಡಬೇಕೆಂದರೆ ಕೈ ನಜಮುನ್ನಿಸಾಳ ಹಿಡಿತದಲ್ಲಿ! ಜಯಮಾಲಾ ಓಢಣಿ ಸರಿಸಿದಳು.

"ಹೌದ್ರಿ. ನಿಮ್ಮ ಕಡೆಯವರಷ್ಟೇ ಮಾಡಬೇಕೇನು?"

"ಏನ್ ಹೇಳಿದ್ರು?"

"ಆಸೆ ಬಿಡು ಅಂದ್ರು."

"ಯಾ ಅಲ್ಲಾ! ಇಕಿನೇ ಏನೋ ಅಕಿ?" ನಜಮುನ್ನಿಸಾ ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಅವತ್ತು ನಿಮಗ ಕಳ್ಳ ಅಂದೆ," ಜಯಮಾಲಾ ತಲೆ ತಗ್ಗಿಸಿದಳು. "ತಪ್ಪಾತ್ರಿ. ಆದ್ರ ನೀವು ಮತ್ತ ಒಂದು ಮಾತರ ಹೇಳಬಾರದಿತ್ತೇನು? ಗುಂಪಿನ್ಯಾಗೂ ಸುಮ್ಮಾಗಿಬಿಟ್ರಿ!"

"ನಾ ಹೇಳಿದ್ರ ಅದೂ ಒಂದು ವಾದ ಆಗ್ತಿತ್ತು. ನೀವೇ ತಿಳ್ಕೊಂಡ್ರ ನಂಬತೀರಿ ಅಂತ ಸುಮ್ಮ ಇದ್ದೆ. ಸುಮ್ಮ ಇರೋದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ರಿ..."

ಅವಳು ಕಣ್ಣೊರೆಸಿಕೊಂಡಳು. ಕಣ್ಣು ಒರೆಸಿದ ಮೇಲೂ ಒಂದು ಶಂಕೆ ಉಳಿದಿತ್ತು.

"ಒಂದು ಖರೇ ಹೇಳ್ರಿ. ಕಂಪನಿಯವರು ನಿಮಗ ಪಗಾರ ಕೊಡ್ತಾರೇನು?"

"ಇಲ್ರಿ! ನನ್ನಿಂದನೂ ರೊಕ್ಕ ತಗೊಂಡಾರ."

"ಮತ್ತ ಆ ದರಿದ್ರ ಗಾಲಿ ಬುರುಜನ್ನ ಅಷ್ಟು ಯಾಕ ಹೊಗಳಿದ್ರಿ?"

ಸಿದ್ದರಾಮೇಶ ಕಪ್ಪನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಕಿವಿ ಕೆಂಪಾದವು.

"ಹೊಗಳಲಿಲ್ಲಂದ್ರ ನೀವು ಬೈತಿರಲಿಲ್ಲಲ್ರಿ."

"ಅಂದ್ರ... ನಿಮಗೂ ಎರಡನೇ ಭಾಗ ಸೇರಿಲ್ಲ?"

"ಮೊದಲಿಂದೇ ಚೊಲೋ ಇತ್ರಿ."

"ಸುಳ್ಳ! ನಾ ಅವತ್ತೇ ಅಂದಿದ್ದೆ, ಈ ಮನಷ್ಯಾ ಮನಸಿನಿಂದ ಹೊಗಳಲ್ಲ ಅಂತ!"

"ಅದೊಂದೇ ಸುಳ್ಳು ಹೇಳೇನ್ರಿ. ಇನ್ನ ಮ್ಯಾಲೆ ಅದನ್ನೂ ಹೇಳಲ್ಲ."

"ಹಂಗಂದ್ರ ಇನ್ನ ನಾ ಯಾರ ಜೋಡಿ ಜಗಳ ಮಾಡ್ಲಿ?"

"ಜಗಳಕ್ಕ ಮನ್ಯಾಗ ಏನ್ ಬರಗಾಲರಿ? ಉಪ್ಪಿಗೆ ಮಾಡೋಣು, ಖಾರಕ್ಕ ಮಾಡೋಣು... ನೀವು ಹೂಂ ಅಂದ್ರ ಸಾಕು."

ನಜಮುನ್ನಿಸಾ ಏರಿಸಿದ್ದ ಬಳೆಗಳನ್ನು ಒಂದೊಂದಾಗಿ ಕಳಚತೊಡಗಿದ್ದಳು. "ಇವು ತಂಗಿಗೆ ವರ ಹುಡುಕೋರ ಬಳಿ. ಮದುವಿ ಹಸರು ಬಳಿ ಏರಿಸಲೇನ ಬೇಟಿ?"

ಜಯಮಾಲಾ ಅವನನ್ನೇ ನೋಡುತ್ತ ಕೈಯನ್ನು ಮತ್ತೆ ಚಾಚಿದಳು.

"ಹೂಂ ರೀ ಚಾಚಿ."

"ಅದು ಚಾಚಿಗೆ ಅಂದ್ರೋ, ನನಗ ಅಂದ್ರೋ?"

"ವಿಚಾರಣೆ ಮಾಡ್ಕೋರಿ!"

ಆ ಗುರುವಾರ ಅವಳಿಗೆ ಒಂದು ದಿನದ ವ್ಯಾಪಾರ ಹೋಯಿತು. ಎರಡು ವರ್ಷ ಎದೆಯಲ್ಲಿ ಹೊತ್ತಿದ್ದ ಭಯ ಹೋಯಿತು. ಸಿದ್ದರಾಮೇಶ ಸಿಕ್ಕ.