ಆ ಕಡೆಯ ಗೀರು

ನನ್ನ ಹೆಂಡತಿ ನೀಲವ್ವ ತೀರಿಕೊಂಡ ವರ್ಷ, ಅಂದರೆ ೧೯೫೬ರಲ್ಲಿ, ನಾನು ನಾಗಪುರದ ರೈಲ್ವೆ ವರ್ಕ್‌ಶಾಪಿನಲ್ಲಿ ಬೋಗಿಗಳ ಕಿಟಕಿ ಗಾಜು ಉಜ್ಜುತ್ತಿದ್ದೆ. ಗಾಂಧಿಬಾಗ್ ಪೇಟೆಯಲ್ಲಿ ಕಟ್ಟು ಹಾಕಿಸಿದ ಅವಳ ಫೋಟೋದ ಗಾಜಿನಲ್ಲಿ, ಸರಿಯಾಗಿ ಬಾಯಿಯ ಮುಂದೆ, ಒಂದು ಗೀರಿತ್ತು. ಗಾಜನ್ನು ಬಿಚ್ಚಿದೆ. ಫೋಟೋದ ಮೇಲೆ ಏನೂ ಇರಲಿಲ್ಲ. ಗೀರು ಗಾಜಿನೊಂದಿಗೇ ಬಂತು. ಮರುದಿನ ಊಟದ ಬಿಡುವಿನಲ್ಲಿ ಉಜ್ಜಲು ಕುಳಿತೆ.

ಅಷ್ಟು ದೊಡ್ಡ ಗೀರು ಉಗುರಿಗೆ ಸಿಗಲೇಬೇಕು. ಸಿಗಲಿಲ್ಲ. ಹಾಗಾದರೆ ಆ ಕಡೆ ಇರಬೇಕೆಂದು ತಿರುಗಿಸಿದೆ, ಅಲ್ಲೂ ಸಿಗಲಿಲ್ಲ. ಎರಡೂ ಕಡೆ ಪಾಲಿಶಿನ ಕೆಂಪು ಪುಡಿ ಹಚ್ಚಿ, ಕೈಮಷೀನಿನ ಉಣ್ಣೆಚಕ್ರದಿಂದ ಅರ್ಧ ಗಂಟೆ ಉಜ್ಜಿದೆ. ಗಾಜು ಕಾಯಬೇಕಿತ್ತು. ಮೇ ತಿಂಗಳ ಆ ಮಧ್ಯಾಹ್ನದಲ್ಲೂ ಅದು ಮಣ್ಣಿನ ಕೊಡದ ನೀರಿನಂತೆ ತಣ್ಣಗಿತ್ತು.

ಜೊತೆಗಾರ ಗುರುಸಿದ್ದಪ್ಪನನ್ನು ಕರೆದು, ಗಾಜನ್ನು ನಮ್ಮಿಬ್ಬರ ನಡುವೆ ಎತ್ತಿ ಹಿಡಿದೆ. ಇಬ್ಬರೂ ಒಟ್ಟಿಗೆ ಉಗುರು ಆಡಿಸಿದೆವು.

“ಈ ಕಡೆ ಬರೋಬರ್ ನುಣ್ಣಗ ಐತಿ,” ಎಂದ. “ಗೀರು ನಿಮ್ಮ ಕಡೆ ಐತ್ರಿ.”

“ಇಲ್ಲೋ, ನಿನ್ನ ಕಡೆ ಐತಿ,” ಎಂದೆ.

ಅವನು ಕೈ ತೊಳೆಯಲು ಹೋದ. ನನಗೆ ಹೆದರಿಕೆ ಆಗಲಿಲ್ಲ. ಆಗ ನನಗೆ ಏನೂ ಆಗುತ್ತಿರಲಿಲ್ಲ. ಅವಳನ್ನು ಮಣ್ಣು ಮಾಡಿದ ಮಾರನೇ ದಿನವೇ ಡ್ಯೂಟಿಗೆ ಬಂದವನು ನಾನು. ಗಾಜನ್ನು ಒಡೆದು ಚೂರಿನ ಡಬ್ಬಿಗೆ ಹಾಕಿ ಮನೆಗೆ ಹೋದೆ.

ಫೋಟೋ ಇವತ್ತಿಗೂ ಗಾಜಿಲ್ಲದೆ ಗೋಡೆಯ ಮೇಲಿದೆ. ಗೀರು ಬಾಯಿಯ ಮುಂದೆಯೇ ಇದೆ. ಉಗುರು ಆಡಿಸಿದರೆ ಸಿಗುವುದಿಲ್ಲ. ಆ ಕಡೆ ಇದೆ.